ಎಲೆ ತಿನ್ನುವವರಿಗೂ ಜಾಗವಿರಲಿ

(ಮಧುಗಿರಿ ತಾಲ್ಲೂಕಿನ ಒಂದು ಪ್ರೌಢಶಾಲೆ. ಕಟ್ಟಡ, ಆಟದ ಮೈದಾನ ಬಿಟ್ಟು ಎರಡು ಎಕರೆ ಜಾಗ ಖಾಲಿ ಇದೆ. ಹಿಂಬದಿಯ ಅರ್ಧ ಕಲ್ಲುನೆಲ, ಅದರ ತುಂಬ ಬಳ್ಳಾರಿ ಜಾಲಿ. ಹಳೆಯ ವಿದ್ಯಾರ್ಥಿಗಳು ಉದ್ಯಾನಕ್ಕೆಂದು ಹಣ ಕೂಡಿಸಿ ಕೊಟ್ಟಿದ್ದಾರೆ. ಅಕ್ಕ ಅಲ್ಲಿನ ಮುಖ್ಯೋಪಾಧ್ಯಾಯಿನಿ. ತಮ್ಮನದು ಉದ್ಯಾನ ವಿನ್ಯಾಸದ ಕಸುಬು.)

ಅಕ್ಕ: ಆಡಳಿತ ಮಂಡಳಿಯವರ ಪಟ್ಟಿ ನೋಡಿದೆಯಾ? ಗೇಟಿನಿಂದ ಕಚೇರಿವರೆಗೆ ಎರಡು ಸಾಲು ರಾಯಲ್ ಪಾಮ್, ಮುಂದುಗಡೆ ಹುಲ್ಲುಹಾಸು, ಕಾಂಪೌಂಡ್ ಉದ್ದಕ್ಕೂ ಕೊನೊಕಾರ್ಪಸ್. ಬೇಗ ಹಸಿರಾಗುತ್ತೆ, ದನ ಮೇಯಲ್ಲ, ಹುಳ ಬೀಳಲ್ಲ ಅಂತ ನರ್ಸರಿಯವರು ಭರವಸೆ ಕೊಟ್ಟಿದ್ದಾರಂತೆ.

ತಮ್ಮ: ಹುಳ ಬೀಳಲ್ಲ ಅನ್ನೋದನ್ನೇ ನಾನು ಅದರ ದೊಡ್ಡ ಕೊರತೆ ಅಂತೀನಿ, ಅಕ್ಕಾ.

ಅಕ್ಕ: ಕೊರತೆ ಹೇಗಾಗುತ್ತೋ? ಮಗುವಿನ ಮೈಮೇಲೆ ಕಂಬಳಿಹುಳ ಬಿದ್ದು ದದ್ದು ಎದ್ದರೆ ಪೋಷಕರು ಬಂದು ಕೇಳೋದು ನನ್ನನ್ನ.

ತಮ್ಮ: ಅದಕ್ಕೆ ಯಾವ ಗಿಡ ಎಲ್ಲಿ ಅನ್ನೋ ಲೆಕ್ಕ ಇದೆ, ಆಮೇಲೆ ಹೇಳ್ತೀನಿ. ಮೊದಲು ಎಲೆಯ ವಿಷಯ ಕೇಳು. ಬಿಸಿಲನ್ನ ಆಹಾರ ಮಾಡೋ ಶಕ್ತಿ ಇರೋದು ಗಿಡಕ್ಕೆ. ಆ ಆಹಾರ ಹಕ್ಕಿಗೆ, ಓತಿಕ್ಯಾತಕ್ಕೆ, ಕಪ್ಪೆಗೆ ತಲುಪಬೇಕಾದರೆ ನಡುವೆ ಎಲೆ ತಿನ್ನೋ ಹುಳ ಇರಲೇಬೇಕು. ಗಿಡವೂ ಸುಮ್ಮನೆ ತಿನ್ನಿಸಿಕೊಳ್ಳಲ್ಲ. ಒಂದೊಂದು ಗಿಡ ತನ್ನ ಎಲೆಯಲ್ಲಿ ಕಹಿಯನ್ನೋ ವಿಷವನ್ನೋ ಅಂಟುಹಾಲನ್ನೋ ತುಂಬಿಕೊಂಡಿರುತ್ತೆ. ಅದನ್ನ ಅರಗಿಸಿಕೊಳ್ಳೋಕೆ ಕಲಿತಿರೋದು ಆ ಗಿಡದ ಜೊತೆ ಯುಗಯುಗ ಬಾಳಿದ ಕೆಲವೇ ಹುಳಗಳು. ಎಕ್ಕದ ಎಲೆ ಎಷ್ಟೋ ಜೀವಿಗಳಿಗೆ ವಿಷ, ಪ್ಲೇನ್ ಟೈಗರ್ ಚಿಟ್ಟೆಯ ಮರಿಗೆ ಅದೇ ಊಟ. ಈಶ್ವರಿ ಬಳ್ಳಿ ಬಳಗ ಇಲ್ಲದ ಕಡೆ ಕ್ರಿಮ್ಸನ್ ರೋಸ್ ಚಿಟ್ಟೆ ಸಂಸಾರ ಹೂಡಲ್ಲ. ನಮ್ಮ ರಾಜ್ಯದ ಚಿಟ್ಟೆ ಅಂತ ಗೌರವ ಪಡೆದಿರೋ ಸದರ್ನ್ ಬರ್ಡ್‌ವಿಂಗ್ ಕೂಡ ಘಟ್ಟದ ಕಡೆ ಆ ಬಳಗದ ಬಳ್ಳಿಗಳನ್ನೇ ನಂಬಿಕೊಂಡಿದೆ. ಬಿಲ್ವ, ನಿಂಬೆ, ಕರಿಬೇವಿನ ಮೇಲೆ ಲೈಮ್ ಚಿಟ್ಟೆ ಮೊಟ್ಟೆ ಇಟ್ಟರೆ ಕಕ್ಕೆ ಎಲೆ ಮೇಲೆ ಕಾಮನ್ ಎಮಿಗ್ರೆಂಟ್ ಇಡುತ್ತೆ. ದೂರದ ದೇಶದಿಂದ ತಂದು ನೆಟ್ಟ ಎಷ್ಟೋ ಗಿಡಗಳ ಎಲೆ ನಮ್ಮ ಹುಳಗಳಿಗೆ ಊಟವೇ ಅಲ್ಲ.

ಅಕ್ಕ: ಚಿಟ್ಟೆ ಬೇಡ ಅಂದುಕೊಂಡವರಿಗೆ?

ತಮ್ಮ: ಗುಬ್ಬಚ್ಚಿ ಬೇಕು ಅಂತಾರಲ್ಲ, ಅವರಿಗೂ ಇದೇ ಉತ್ತರ. ಗುಬ್ಬಚ್ಚಿ ಕಾಳು ತಿನ್ನುತ್ತೆ, ಆದರೆ ಮರಿಗೆ ಗುಟುಕು ಕೊಡೋದು ಹುಳವನ್ನ. ಅಮೆರಿಕದಲ್ಲಿ ಡಗ್ಲಸ್ ಟಾಲಮಿ ಅನ್ನೋ ಕೀಟಶಾಸ್ತ್ರಜ್ಞರು ಈ ಮಾತನ್ನ ಮನೆಮನೆಗೆ ಮುಟ್ಟಿಸಿದರು. ಅಲ್ಲಿನ ಚಿಕಡೀ ಅನ್ನೋ ಅಂಗೈಗಿಂತ ಚಿಕ್ಕ ಹಕ್ಕಿ, ಒಂದು ಗೂಡಿನ ಮರಿಗಳು ಹಾರೋ ಹೊತ್ತಿಗೆ 6,000ದಿಂದ 9,000 ಹುಳ ತಂದು ಹಾಕುತ್ತೆ ಅಂತ ಅವರು ಲೆಕ್ಕ ಕೊಡ್ತಾರೆ. ಗೂಡಿನ ಡಬ್ಬಿ ಕಟ್ಟಿ, ನೀರಿನ ಬಟ್ಟಲು ಇಟ್ಟು, ಸುತ್ತ ಹುಳವೇ ಬೀಳದ ಗಿಡ ಬೆಳೆಸಿದರೆ ಮರಿ ಏನು ತಿನ್ನಬೇಕು?

ಅಕ್ಕ: ಸರಿ, ಒಂದು ಮಾತು ಕೇಳ್ತೀನಿ. ಹೊರಗಿಂದ ಬಂದದ್ದೆಲ್ಲ ಬೇಡ ಅಂತ ಹೊರಟರೆ ಎಲ್ಲಿ ನಿಲ್ಲಿಸ್ತೀಯ? ನಾವು ದಿನಾ ಉಣ್ಣೋ ರಾಗಿಯೇ ಪೂರ್ವ ಆಫ್ರಿಕಾದಿಂದ ಬಂದದ್ದು. ಹುಣಸೆಯೂ ಅಲ್ಲಿಂದಲೇ. ದಸರಾಕ್ಕೆ ಬಾಗಿಲಿಗೆ ಕಟ್ಟೋ ಚೆಂಡುಹೂವು ಮೆಕ್ಸಿಕೋದ್ದು. ಇದನ್ನ ನಾನೇ ಪಾಠ ಮಾಡ್ತೀನಿ.

ತಮ್ಮ: ಗಿಡದ ಹುಟ್ಟೂರು ಕೇಳಿ ಹೊರಗೆ ಹಾಕೋದು ನನ್ನ ಕೆಲಸ ಅಲ್ಲ. ರಾಗಿ ಹೊಲದಲ್ಲಿದೆ, ಬಿತ್ತಿದರೆ ಬರುತ್ತೆ, ಕೊಯ್ದರೆ ಮುಗೀತು. ಶತಮಾನಗಳಿಂದ ಇಲ್ಲಿರೋ ಹುಣಸೆ ಅದರ ಪಾಡಿಗೆ ನಿಂತು ಹಕ್ಕಿಗೆ, ಮನುಷ್ಯನಿಗೆ ಆಸರೆಯಾಗಿದೆ. ನಾನು ಮೂರು ಪ್ರಶ್ನೆ ಕೇಳ್ತೀನಿ. ಈ ಗಿಡವನ್ನ ಇಲ್ಲಿ ಯಾರು ತಿಂತಾರೆ, ಯಾರು ಆಶ್ರಯಿಸ್ತಾರೆ? ಎರಡು ಬೇಸಿಗೆ ದಾಟಿದ ಮೇಲೆ ನಾವು ಹೊಯ್ಯೋ ನೀರಿಲ್ಲದೆ ಬದುಕುತ್ತಾ? ನೆಟ್ಟ ಜಾಗ ಬಿಟ್ಟು ಆಚೆ ನುಗ್ಗುತ್ತಾ? ಮೂರನೇದನ್ನ ಕೇಳದೆ ಈ ದೇಶ ಬಹಳ ಕಳಕೊಂಡಿದೆ. ಲಂಟಾನ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಅಂದದ ಹೂಗಿಡವಾಗಿ ಬಂತು. ಇವತ್ತು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಹಬ್ಬಿದ ಕಡೆ ಹುಲ್ಲಿಗೂ ಜಾಗ ಇಲ್ಲ, ಮರದ ಸಸಿಗೂ ಜಾಗ ಇಲ್ಲ. ಅಂದರೆ ಕಾಡನ್ನ ಆಕ್ರಮಿಸಿದ್ದು ಒಂದು ಉದ್ಯಾನದ ಗಿಡ. ಉದ್ಯಾನ ಮಾಡೋರ ಹೊಣೆ ಬೇಲಿಗೇ ಮುಗಿಯಲ್ಲ ಅನ್ನೋಕೆ ಇನ್ನೇನು ಸಾಕ್ಷಿ ಬೇಕು?

ಅಕ್ಕ: ಕೊನೊಕಾರ್ಪಸ್‌ಗೂ ಆ ಅಪವಾದ ಇದೆಯಾ?

ತಮ್ಮ: ಗುಜರಾತಿನಲ್ಲಿ ಅದನ್ನ ರಸ್ತೆಬದಿಗೆಲ್ಲ ನೆಟ್ಟರು. ಪರಿಸರಕ್ಕೂ ಜನರ ಆರೋಗ್ಯಕ್ಕೂ ತೊಂದರೆ ಅಂತ 2023ರಲ್ಲಿ ಅಲ್ಲಿನ ಅರಣ್ಯ ಇಲಾಖೆಯೇ ಅದನ್ನ ನೆಡಬಾರದು ಅಂತ ಆದೇಶ ಹೊರಡಿಸಿತು. ನಮ್ಮ ರಾಜ್ಯದಲ್ಲಿ ನೀಲಗಿರಿಯದ್ದೂ ಇದೇ ಕಥೆ. ದಶಕಗಟ್ಟಲೆ ಪ್ರೋತ್ಸಾಹ ಕೊಟ್ಟು ಬೆಳೆಸಿ, ಅಂತರ್ಜಲದ ಚಿಂತೆ ಹತ್ತಿದ ಮೇಲೆ 2017ರಲ್ಲಿ ಹೊಸದಾಗಿ ನೆಡೋದನ್ನ ಸರ್ಕಾರ ನಿಷೇಧಿಸಬೇಕಾಯಿತು. ಬೇಗ ಹಸಿರಾಗೋದನ್ನೇ ಒಂದು ಗುಣ ಅಂತ ನೋಡಿದಾಗಲೆಲ್ಲ ಬೆಲೆ ಆಮೇಲೆ ಗೊತ್ತಾಗಿದೆ.

ಅಕ್ಕ: ಆದರೆ ಚೆಂದ ಅನ್ನೋದೂ ಬೇಕಲ್ಲ. ಬೆಂಗಳೂರಲ್ಲಿ ಟಬೆಬುಯಾ ಅರಳಿದಾಗ ಜನ ನಿಂತು ನೋಡ್ತಾರೆ. ಜಕರಂಡ, ಗುಲ್‌ಮೊಹರ್ ಎಲ್ಲಾ ಹೊರಗಿನವೇ. ನನ್ನ ಮಕ್ಕಳು ಬರೀ ಮುಳ್ಳು, ಪೊದೆ ನೋಡ್ಕೊಂಡು ಬೆಳೀಬೇಕಾ?

ತಮ್ಮ: ಆ ಚೆಂದದ ಹಿಂದೆ ಒಂದು ವಿಧಾನ ಇತ್ತು. ಲಾಲ್‌ಬಾಗ್ ನೋಡಿಕೊಂಡಿದ್ದ ಜರ್ಮನಿಯ ಕ್ರುಂಬಿಗಲ್ ಅವರು ಒಂದು ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಅರಳೋ ಹಾಗೆ ಬೀದಿಗಳಿಗೆ ಮರ ಆರಿಸಿದರು. ವರ್ಷವಿಡೀ ಊರಿನ ಯಾವುದೋ ಮೂಲೆಯಲ್ಲಿ ಹೂ ಇರಬೇಕು ಅನ್ನೋ ಯೋಚನೆ ಅದು. ಆ ಯೋಚನೆಯನ್ನ ಗೌರವದಿಂದ ತಗೊಳ್ಳೋಣ, ಗಿಡ ನಮ್ಮ ಬಯಲುಸೀಮೆಯವು ಇರಲಿ. ಶಿವರಾತ್ರಿ ಆಸುಪಾಸಿನಲ್ಲಿ ಎಲೆ ಉದುರಿದ ಮುತ್ತುಗ ಕೇಸರಿ ಬಣ್ಣದಲ್ಲಿ ಉರಿಯುತ್ತೆ. ಸೂರಕ್ಕಿ, ಗೊರವಂಕ ಎಲ್ಲಾ ಅಲ್ಲೇ ಸೇರ್ತವೆ. ಅದೇ ಹೊತ್ತಿಗೆ ಬರೀ ಬಂಡೆ ಇರೋ ಗುಡ್ಡದಲ್ಲಿ ಅರಿಶಿನ ಬೂರುಗ ಅಂಗೈಯಗಲದ ಹಳದಿ ಹೂ ಬಿಡುತ್ತೆ. ಯುಗಾದಿಗೆ ಬೇವು, ಹೊಂಗೆ ಚಿಗುರಿ ಹೂವಾಗ್ತವೆ, ಹೊಂಗೆ ಕೆಳಗೆ ನಿಂತರೆ ಜೇನಿನ ಸದ್ದೇ ಸದ್ದು. ಏಪ್ರಿಲ್, ಮೇ ಬಿಸಿಲಿಗೆ ಕಕ್ಕೆಯ ಹೊನ್ನಿನ ಗೊಂಚಲು. ಮಳೆ ಹಿಡಿದ ಮೇಲೆ ತಂಗಡಿ. ಅದು ಹೂ ಬಿಡೋದಕ್ಕೆ ಮಣ್ಣನ್ನೂ ಕೇಳಲ್ಲ, ಗೊಬ್ಬರವನ್ನೂ ಕೇಳಲ್ಲ. ಇಷ್ಟನ್ನ ಸರಿಯಾದ ಜಾಗದಲ್ಲಿ ಕೂರಿಸಿದರೆ ಶಾಲೆಯ ಕ್ಯಾಲೆಂಡರನ್ನೇ ಮರ ನೋಡಿ ಹೇಳಬಹುದು.

ಅಕ್ಕ: ಇದನ್ನ ಮಂಡಳಿಯವರು ಒಪ್ಪಬಹುದು. ಅವರಲ್ಲಿ ಒಬ್ಬರು ಇನ್ನೊಂದು ಸಲಹೆ ಕೊಟ್ಟಿದ್ದಾರೆ. ಮಿಯಾವಾಕಿ ಕಾಡು ಮಾಡೋಣ, ಅದೂ ಸ್ಥಳೀಯ ಗಿಡಗಳದ್ದೇ ಅಂತ.

ತಮ್ಮ: ಜಪಾನಿನ ಅಕಿರಾ ಮಿಯಾವಾಕಿ ದೊಡ್ಡ ಸಸ್ಯವಿಜ್ಞಾನಿ. ಒಂದು ಜಾಗವನ್ನ ಮನುಷ್ಯ ಮುಟ್ಟದೇ ಇದ್ದಿದ್ದರೆ ಅಲ್ಲಿ ತಾನಾಗಿ ಯಾವ ಸಸ್ಯಸಮೂಹ ಇರ್ತಿತ್ತು ಅಂತ ಮೊದಲು ಅಧ್ಯಯನ ಮಾಡು ಅಂದವರು ಅವರು. ಇಲ್ಲಿ ಅನೇಕರು ಆ ಅರ್ಧ ಬಿಟ್ಟು, ಒಂದು ಚದರ ಮೀಟರಿಗೆ ಮೂರೋ ನಾಲ್ಕೋ ಸಸಿ ಒತ್ತಾಗಿ ನೆಡೋದನ್ನ ಮಾತ್ರ ಹಿಡಿದುಕೊಂಡಿದ್ದಾರೆ. ನಮ್ಮ ಸೀಮೆಗೆ ಬೀಳೋದು ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಮಳೆ. ಇಲ್ಲಿ ತಾನಾಗಿ ಇರೋದು ದಟ್ಟ ಕಾಡಲ್ಲ. ಕುರುಚಲು, ನಡುನಡುವೆ ಬಿಡಿ ಮರ, ಮಿಕ್ಕಂತೆ ಹುಲ್ಲು. ನಮ್ಮ ತಾಲ್ಲೂಕಿನ ಮೈದನಹಳ್ಳಿಯನ್ನೇ ನೋಡು. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಣೆಯಾಯಿತು, ಸುಮಾರು 800 ಎಕರೆ. ಅಲ್ಲಿ ಕೃಷ್ಣಮೃಗ ಉಳಿದಿರೋದು ಬಯಲು ಇರೋದರಿಂದ. ಅದನ್ನ ಖಾಲಿ ಜಾಗ ಅಂತ ಮರದಿಂದ ತುಂಬಿಸಿದರೆ ಅವಕ್ಕೆ ನೆಲೆ ತಪ್ಪುತ್ತೆ. ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಚಿಂಕಾರ ವನ್ಯಧಾಮ ಇದೆ, 2019ರಲ್ಲಿ ಘೋಷಣೆಯಾದದ್ದು. ಅದೂ ಒಣ ಕುರುಚಲಿನ ಸೀಮೆಯೇ. ಸ್ಥಳೀಯ ಗಿಡಗಳನ್ನ ತಂದು ಸ್ಥಳಕ್ಕೆ ಒಗ್ಗದ ಕಾಡು ಮಾಡಿದರೆ ಅದು ಈ ನೆಲದ್ದಾಗಲ್ಲ. ಗಿಡದ ಜೊತೆಗೆ ಗಿಡ ಗಿಡದ ನಡುವಿನ ಅಂತರವೂ ಇಲ್ಲಿಯದೇ ಆಗಿರಬೇಕು.

ಅಕ್ಕ: ಅಂದರೆ ಹಿಂದಿನ ಕಲ್ಲುನೆಲವನ್ನ ಹಾಗೇ ಬಿಟ್ಟುಬಿಡು ಅಂತೀಯಾ? ಅಲ್ಲಿ ಬಳ್ಳಾರಿ ಜಾಲಿ ಎದ್ದು ನಿಂತಿದೆ. ಪ್ರತಿ ವರ್ಷ ಕಡಿಸ್ತೀವಿ, ಮತ್ತೆ ಬರುತ್ತೆ.

ತಮ್ಮ: ಕಡಿದರೆ ಅದು ಬುಡದಿಂದ ನಾಲ್ಕು ಕವಲು ಹೆಚ್ಚಾಗಿಯೇ ಚಿಗುರುತ್ತೆ. ಚಿಗುರೋ ಮೊಗ್ಗು ಇರೋದು ಮಣ್ಣಿನೊಳಗೆ ಬುಡ, ಬೇರು ಸೇರೋ ಕಡೆ. ಅದನ್ನ ಕಿತ್ತು ತೆಗೀಬೇಕು. ಇದಕ್ಕೆ ಜೋಧಪುರದ ಉದಾಹರಣೆ ಇದೆ. ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ ಸುಮಾರು 70 ಹೆಕ್ಟೇರ್ ಬಂಡೆನೆಲ, ಪೂರ್ತಿ ಇದೇ ಜಾಲಿ. 2006ರಲ್ಲಿ ಅಲ್ಲಿ ಪ್ರದೀಪ್ ಕೃಷನ್ ಅನ್ನೋ ಮರಗಳ ಲೇಖಕರು ಕೆಲಸ ಶುರುಮಾಡಿದರು. ಬಂಡೆಯ ಬಿರುಕಿನಲ್ಲಿ ಇಳಿದ ಬೇರು ತೆಗೆಯೋಕೆ ಯಂತ್ರಕ್ಕೆ ಆಗಲಿಲ್ಲ. ಆಗ ಖಂಡ್‌ವಾಲಿಯಾ ಅಂತ ಕರೆಯೋ ಅಲ್ಲಿನ ಕಲ್ಲುಗಣಿ ಕೆಲಸಗಾರರನ್ನ ಕರೆದರು. ಅವರು ಸುತ್ತಿಗೆ, ಚಾಣದಿಂದ ಕಲ್ಲು ತಟ್ಟಿ, ಸದ್ದು ಕೇಳಿ, ಎಲ್ಲಿ ಬಿಡಿಸಬೇಕು ಅಂತ ಗೊತ್ತುಮಾಡಿಕೊಂಡು ಮೊಳದ ಆಳದವರೆಗೆ ಬೇರು ತೆಗೆದರು. ಬೇರು ತೆಗೆದ ಕುಳಿಯಲ್ಲೇ ಮರುಭೂಮಿಯ ಬಂಡೆಗೆ ಒಗ್ಗಿದ ಕಳ್ಳಿ, ಪೊದೆ, ಹುಲ್ಲು ನೆಟ್ಟರು. 2011ರಲ್ಲಿ ಅದು ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ ಅಂತ ಜನರಿಗೆ ತೆರೀತು. ಮಧುಗಿರಿ ಸೀಮೆಯಲ್ಲಿ ಕಲ್ಲಿನ ಮರ್ಮ ಬಲ್ಲ ಕೆಲಸಗಾರರಿಗೆ ಬರವಿಲ್ಲ. ಅವರನ್ನೇ ಕರೆಸೋಣ. ಆದರೆ ಎಲ್ಲಾ ಜಾಲಿಯನ್ನ ಒಂದೇ ಸಲ ಕೀಳೋದು ಬೇಡ. ಕಾಲುಭಾಗ ಬಿಡಿಸಿ, ಅಲ್ಲಿ ನಮ್ಮ ಗಿಡ ಬೇರೂರಿದ ಮೇಲೆ ಮುಂದಿನ ಭಾಗಕ್ಕೆ ಕೈಹಾಕೋಣ. ಇಲ್ಲದಿದ್ದರೆ ಬೆತ್ತಲೆಯಾದ ಮಣ್ಣು ಒಂದೇ ಮಳೆಗೆ ಕೊಚ್ಚಿಹೋಗುತ್ತೆ, ಬಿಸಿಲು ಬಿದ್ದ ಜಾಗಕ್ಕೆ ಕಾಂಗ್ರೆಸ್ ಗಿಡ ನುಗ್ಗುತ್ತೆ.

ಅಕ್ಕ: ಕಿತ್ತ ಜಾಗಕ್ಕೆ ಏನು ಬರುತ್ತೆ?

ತಮ್ಮ: ಬಂದರಿಕೆ, ತಂಗಡಿ, ಕಾರೆ, ಕವಳೆ. ನಡುವೆ ಎರಡು ಮೂರು ಕಮರ, ಒಂದು ಅರಿಶಿನ ಬೂರುಗ, ಮುತ್ತುಗ, ಬಿಳಿಜಾಲಿ. ಮಿಕ್ಕ ನೆಲಕ್ಕೆ ಇಲ್ಲಿನದೇ ಹುಲ್ಲು. ಮಳೆ ಮುಗಿದು ಹುಲ್ಲು ಒಣಗೋ ಹೊತ್ತಿಗೆ ಊರ ಗೋಮಾಳದಿಂದ ತೆನೆ ತಂದು ಇಟ್ಟುಕೊಂಡು, ಮುಂದಿನ ಮುಂಗಾರಿಗೆ ಕೆದರಿದ ಮಣ್ಣಿಗೆ ಎರಚಿದರೆ ಸಾಕು. ಗೇಟಿನ ಕಡೆ ಮಣ್ಣು ಚೆನ್ನಾಗಿದೆ, ಅಲ್ಲಿ ನೆರಳು ಬೇಕು. ಹೊಂಗೆ, ಬೇವು, ನೇರಳೆ ಒಂದು ತೋಪಾಗಿ ನಿಲ್ಲಲಿ. ನಮ್ಮ ಹಿರಿಯರ ಗುಂಡುತೋಪು ನೆನಪಿದೆಯಲ್ಲ? ಮಾವು, ನೇರಳೆ, ಹೊಂಗೆ, ಹುಣಸೆ ಹಾಕಿ, ದಾರಿಹೋಕರಿಗೆ, ದನಕರುಗಳಿಗೆ, ಸಂತೆಗೆ ಬಂದವರಿಗೆ ಅಂತ ಊರ ಪಕ್ಕದಲ್ಲಿ ಬೆಳೆಸ್ತಿದ್ದರು. ಯಾರಿಗೆ ನೆರಳು, ಯಾವ ಹೊತ್ತಿಗೆ, ಯಾವ ಮರದಿಂದ ಅಂತ ಅವರು ಯೋಚಿಸಿಯೇ ನೆಟ್ಟದ್ದು. ನಾನು ಓದಿ ಕಲಿತ ವಿನ್ಯಾಸದ ಮೂಲಪಾಠವೂ ಅದೇ. ಅತ್ತಿ, ಅರಳಿ ಮಾತ್ರ ಕಟ್ಟಡದಿಂದ ದೂರ, ಮೈದಾನದ ಆ ಕೊನೆಗೆ. ಅತ್ತಿಯ ಜಾತಿಯ ಮರಗಳ ಪರಾಗಸ್ಪರ್ಶಕ್ಕೆ ಅವುಗಳದ್ದೇ ಪುಟ್ಟ ಕಣಜಗಳಿವೆ. ಆ ಕಣಜದ ಸಂತಾನ ನಡೀಬೇಕಾದ್ದರಿಂದ ಸೀಮೆಯಲ್ಲಿ ವರ್ಷದ ಬೇರೆಬೇರೆ ಹೊತ್ತಲ್ಲಿ ಯಾವುದೋ ಮರ ಕಾಯಿ ಬಿಟ್ಟಿರುತ್ತೆ, ಬೇರೆ ಹಣ್ಣು ಸಿಗದ ದಿನಗಳಲ್ಲೂ ಹಕ್ಕಿಗೆ ಅದು ಸಿಗುತ್ತೆ.

ಅಕ್ಕ: ಕೊಳವೆಬಾವಿ ಬತ್ತಿ ನಿಂತಿದೆ. ನೀರಿಗೆ ಏನು ಮಾಡ್ತೀಯ? ಹುಲ್ಲುಹಾಸಿಗೆ ಟ್ಯಾಂಕರ್ ಹೇಳೋಣ ಅಂತಾರೆ ಮಂಡಳಿಯವರು.

ತಮ್ಮ: ಕುಡಿಯೋ ನೀರಿಗೆ ಕಷ್ಟ ಇರೋ ಊರಲ್ಲಿ ಹುಲ್ಲಿಗೆ ಟ್ಯಾಂಕರ್ ತರಿಸೋದು ಮಕ್ಕಳಿಗೆ ಕೆಟ್ಟ ಪಾಠ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಚಾವಣಿ 500 ಚದರ ಮೀಟರ್ ಅಂತಿಟ್ಟುಕೋ, 600 ಮಿಲಿಮೀಟರ್ ಮಳೆಗೆ ಮೂರು ಲಕ್ಷ ಲೀಟರ್ ಆಗುತ್ತೆ. ಸ್ವಲ್ಪ ಆವಿಯಾಗಿ, ಸೋರಿ ಹೋದರೂ ದೊಡ್ಡ ಮೊತ್ತವೇ. ಈಗ ಅದು ಚರಂಡಿಗೆ ಹೋಗ್ತಿದೆ. ನೆಲದ ಇಳಿಜಾರು ಇರೋದು ಅಡುಗೆಮನೆ ಹಿಂದಿನ ತಗ್ಗಿನ ಕಡೆ. ನೀರನ್ನ ಬದು ಹಾಕಿ, ನಿಧಾನ ಮಾಡಿ, ಅಲ್ಲಿಗೆ ಇಳಿಸೋಣ. ಬದುವಿನ ಮೇಲೆ ಲಾವಂಚ ನೆಟ್ಟರೆ ಅದರ ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತೆ. ತಗ್ಗಿನಲ್ಲಿ ಹೊಳೆಮತ್ತಿ, ಲಕ್ಕಿ. ಹಳ್ಳದ ದಡದ ಗಿಡಗಳಾದ್ದರಿಂದ ನಾಲ್ಕು ದಿನ ನೀರು ನಿಂತರೂ ಕೊಳೆಯಲ್ಲ, ಆಮೇಲೆ ಒಣಗಿದರೂ ಸಾಯಲ್ಲ. ಹುಲ್ಲುಹಾಸು ಕೇಳೋರಿಗೆ ತೋಪಿನ ನೆರಳಲ್ಲಿ ಕೂತ್ಕೊಳ್ಳೋಕೆ ಕಲ್ಲುಬೆಂಚು, ಬಿಸಿಲು ಬೀಳೋ ಅಂಚಿಗೆ ಗರಿಕೆ. ಗರಿಕೆ ಬೇಸಿಗೆಯಲ್ಲಿ ಕಂದುತ್ತೆ, ಮೊದಲ ಮಳೆಗೇ ಮತ್ತೆ ಏಳುತ್ತೆ. ಅದು ಕಂದೋದನ್ನ ಒಪ್ಪಿಕೊಳ್ಳೋದೂ ಈ ಊರಿನ ಋತುವನ್ನ ಒಪ್ಪಿಕೊಳ್ಳೋದೇ.

ಅಕ್ಕ: ಈಗ ನನ್ನ ಭಯಗಳಿಗೆ ಬಾ. ಉದ್ದ ಹುಲ್ಲು ಅಂದರೆ ಹಾವು. ಕಾರೆ, ಕವಳೆ ಅಂದರೆ ಮುಳ್ಳು. ನೋಡೋರ ಕಣ್ಣಿಗೆ, ಮುಖ್ಯೋಪಾಧ್ಯಾಯಿನಿ ಜಾಗ ಪಾಳುಬಿಟ್ಟಿದ್ದಾರೆ ಅಂತ ಕಾಣುತ್ತೆ.

ತಮ್ಮ: ಮೂರೂ ನ್ಯಾಯವಾದ ಮಾತು. ವಿನ್ಯಾಸಗಾರ ಬೇಕಾಗೋದೇ ಇಲ್ಲಿ. ಕೊಠಡಿ, ಶೌಚಾಲಯ, ಮೈದಾನದ ಸುತ್ತ ಅಗಲವಾದ ಪಟ್ಟಿಯನ್ನ ಸದಾ ಚೊಕ್ಕವಾಗಿ ಇಡ್ತೀವಿ. ಹುಲ್ಲು ಗಿಡ್ಡ, ಕಸ ಇಲ್ಲ, ಕಲ್ಲುಗುಡ್ಡೆ ಇಲ್ಲ. ಉದ್ದ ಹುಲ್ಲು ಹಿಂದಿನ ಕಲ್ಲುನೆಲಕ್ಕೆ ಮಾತ್ರ, ಅದರೊಳಗೆ ಕೈಗಾಡಿ ಹೋಗುವಷ್ಟು ಅಗಲದ ದಾರಿ, ಅಂಚಿಗೆ ಸಾಲುಗಲ್ಲು. ಮಕ್ಕಳು ಹೋಗೋದು ಮೇಷ್ಟ್ರ ಜೊತೆ, ದಾರಿಯ ಮೇಲೆ. ಮುಳ್ಳಿನ ಗಿಡ ಬೇಲಿಗೆ ಹೋಗಲಿ. ಕವಳೆ ಬೇಲಿ ದನ ತಡೆಯುತ್ತೆ, ಪಿಕಳಾರಕ್ಕೆ ಗೂಡಿಗೆ ಜಾಗ ಕೊಡುತ್ತೆ, ಮಕ್ಕಳಿಗೆ ಹಣ್ಣು ಕೊಡುತ್ತೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಈಶ್ವರಿ ಬಳ್ಳಿ ತಿಂದರೆ ಮೂತ್ರಪಿಂಡಕ್ಕೆ ಹಾನಿ. ಅವೆರಡನ್ನೂ ಮಕ್ಕಳ ಕೈಗೆ ಎಟುಕದ ಹಿಂಬದಿ ಬೇಲಿಯ ಆಚೆ ಮಗ್ಗುಲಿಗೆ ಹಾಕೋಣ. ತರಗತಿ ಕಿಟಕಿಯ ಹತ್ತಿರ, ಓಡಾಡೋ ದಾರಿಯ ಮೇಲೆ ಕಂಬಳಿಹುಳ ಹೆಚ್ಚಾಗೋ ಮರ ಬೇಡ. ಇನ್ನು ಪಾಳುಬಿದ್ದ ಹಾಗೆ ಕಾಣೋ ಮಾತು. ಜೋನ್ ನಸಾವರ್ ಅನ್ನೋ ಅಮೆರಿಕದ ಭೂದೃಶ್ಯ ವಿದ್ವಾಂಸರು 1995ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ನೈಸರ್ಗಿಕವಾಗಿ ಬೆಳೆದ ಜಾಗಕ್ಕೆ ಅಚ್ಚುಕಟ್ಟಾದ ಅಂಚು ಕೊಟ್ಟರೆ, ಇಲ್ಲಿ ಯಾರೋ ಮುತುವರ್ಜಿಯಿಂದ ನೋಡಿಕೊಳ್ತಿದ್ದಾರೆ ಅಂತ ಜನಕ್ಕೆ ಗೊತ್ತಾಗುತ್ತೆ, ಆಗ ಒಳಗಿನ ಒರಟನ್ನ ಅವರೇ ಒಪ್ಪಿಕೊಳ್ತಾರೆ ಅನ್ನೋದು ಅವರ ವಾದ. ಕತ್ತರಿಸಿದ ಅಂಚು, ಕೂರೋ ಕಟ್ಟೆ, ಗಿಡದ ಹೆಸರು ಬರೆದ ಫಲಕ, ಗುಡಿಸಿದ ದಾರಿ. ಮಂಡಳಿಯವರ ಕಣ್ಣಿಗೆ ಇಷ್ಟು ಕಂಡರೆ ಒಳಗಿನ ಹುಲ್ಲನ್ನ ಪಾಳು ಅನ್ನಲ್ಲ.

ಅಕ್ಕ: ಸಸಿ ಎಲ್ಲಿ ಸಿಗುತ್ತೆ? ರಸ್ತೆಬದಿ ನರ್ಸರಿಯಲ್ಲಿ ಕಮರ, ಬಂದರಿಕೆ ಕೇಳಿದರೆ ಮುಖ ನೋಡ್ತಾರೆ.

ತಮ್ಮ: ಹೊಂಗೆ, ಬೇವು, ನೇರಳೆ, ಹೊಳೆಮತ್ತಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ದರಕ್ಕೆ ಸಿಗ್ತವೆ. ಮಿಕ್ಕದ್ದನ್ನ ಶಾಲೆಯೇ ಬೆಳೆಸಲಿ, ಎಂಟನೇ ಕ್ಲಾಸಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆ ವಿಜ್ಞಾನದ ಪಾಠ ಇಲ್ಲ. ಒಂದೊಂದು ಬೀಜದ ಸ್ವಭಾವ ಒಂದೊಂದು. ಬೇವಿನ ಬೀಜ ಉದುರಿದ ಎರಡು ಮೂರು ವಾರದೊಳಗೆ ಬಿತ್ತಬೇಕು, ನೇರಳೆಯದು ಒಣಗಿದರೆ ಸತ್ತಹಾಗೆ. ತಂಗಡಿ, ಕಕ್ಕೆಯ ಬೀಜಕ್ಕೆ ಗಟ್ಟಿ ಸಿಪ್ಪೆ, ಉಜ್ಜಿ ನೆನೆಸದೆ ಮೊಳೆಯಲ್ಲ. ದೊಡ್ಡ ಸಸಿ ತಂದರೆ ಬೇಗ ಮರ ಆಗುತ್ತೆ ಅನ್ನೋ ಆಸೆಯನ್ನೂ ಬಿಡಬೇಕು. ಚೀಲದಲ್ಲಿ ಬಹಳ ದಿನ ಬೆಳೆದ ಸಸಿಯ ಬೇರು ಸುರುಳಿ ಸುತ್ತಿಕೊಂಡಿರುತ್ತೆ, ಅಂಥದ್ದು ನೆಲಕ್ಕೆ ಇಳಿಯೋಕೆ ತಿಣುಕುತ್ತೆ. ಮೊಳದುದ್ದದ ಸಸಿ ನೆಟ್ಟರೆ ಅದರ ತಾಯಿಬೇರು ನೇರ ಕೆಳಗೆ ಹೋಗುತ್ತೆ. ನಮ್ಮ ಕಡೆ ಜೋರು ಮಳೆ ಬೀಳೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಗುಂಡಿ ಬೇಸಿಗೆಯಲ್ಲೇ ತೆಗೆದಿಟ್ಟು, ಮುಂಗಾರು ಕೂತ ಮೇಲೆ ನೆಟ್ಟರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಬೇರು ಹಿಡಿಯುತ್ತೆ. ಬುಡಕ್ಕೆ ತರಗೆಲೆ ಹೊದಿಸಿ, ಎರಡು ಬೇಸಿಗೆ ವಾರಕ್ಕೊಂದು ಸಲ ನೀರು ಕೊಡಿ. ಆಮೇಲೆ ನಿಲ್ಲಿಸಿ.

ಅಕ್ಕ: ಮೂರು ವರ್ಷ ಜನಕ್ಕೆ ಏನೂ ಕಾಣಲ್ಲ.

ತಮ್ಮ: ಮರ ಕಾಣಲ್ಲ. ಹುಲ್ಲು, ತಂಗಡಿ ಮೊದಲ ವರ್ಷವೇ ಹೂ ತೆನೆಗೆ ಬರ್ತವೆ, ಚಿಟ್ಟೆ ಅವುಗಳ ಹಿಂದೆಯೇ. ಯಾವ ಗಿಡಕ್ಕೆ ಯಾವ ಜೀವಿ ಬಂತು, ಯಾವ ತಿಂಗಳು ಅಂತ ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಲಿ. ಉದ್ಯಾನ ಸರಿಯಾಗಿದೆಯಾ ಅಂತ ಅಳೆಯೋಕೆ ಆ ಪುಸ್ತಕವೇ ಅಳತೆ. ಎರಡು ಮಾತು ಮಾತ್ರ ಈಗಲೇ ಗಟ್ಟಿ ಆಗಬೇಕು. ಎಲೆ ತೂತಾಯಿತು ಅಂತ ಯಾರೂ ಔಷಧ ಹೊಡೀಬಾರದು. ತರಗು ಗುಡಿಸಿ ಬೆಂಕಿ ಹಾಕಬಾರದು.

ಅಕ್ಕ: ಅದನ್ನ ನಡಾವಳಿ ಪುಸ್ತಕದಲ್ಲಿ ಠರಾವು ಮಾಡಿಸ್ತೀನಿ, ನನ್ನ ನಂತರ ಬರೋರೂ ಪಾಲಿಸಬೇಕು. ಹೂವಿನ ಕ್ಯಾಲೆಂಡರ್ ಒಂದು ಹಾಳೆಯಲ್ಲಿ, ನೀರಿನ ಲೆಕ್ಕ ಇನ್ನೊಂದರಲ್ಲಿ ಬರೆದುಕೊಡು. ನಕ್ಷೆಯಲ್ಲಿ ಚೊಕ್ಕ ಪಟ್ಟಿ ಎಲ್ಲಿವರೆಗೆ ಅಂತ ಸ್ಪಷ್ಟವಾಗಿ ಕಾಣಲಿ, ಮಂಡಳಿಯವರು ಕೇಳೋ ಮೊದಲನೇ ಪ್ರಶ್ನೆ ಹಾವಿನದ್ದೇ. ಹಣ ಕೊಟ್ಟ ಹುಡುಗರು ಇದೇ ಸೀಮೆಯಲ್ಲಿ ಕಾರೆಹಣ್ಣು ತಿಂದು ಬೆಳೆದವರು. ಈ ನೆಲಕ್ಕೆ ಸೇರಿದ ಗಿಡ, ಅದನ್ನ ನಂಬಿದ ಜೀವಗಳು ಶಾಲೆಯ ಒಳಗೇ ಇರಲಿ, ಅವರು ಕೊಟ್ಟ ದುಡ್ಡು ಅದಕ್ಕೇ ಹೋಗಲಿ, ಪಾಮ್ ಸಾಲಿಗೆ ಒಂದು ರೂಪಾಯಿಯೂ ಬೇಡ ಅಂತ ಸಭೆಯಲ್ಲಿ ನಾನೇ ಎದ್ದು ಹೇಳ್ತೀನಿ.